ಪರದೆಯ ಹಿಂದಿನ ಸರಿತಾ

ಅಜ್ಜಂಪುರ ಇನ್ನೂ ತಾಲ್ಲೂಕು ಆಗಿರದ ದಿನಗಳವು. ನವೆಂಬರ್ ಹೊತ್ತಿಗೆ ಪೇಟೆಯ ತುಂಬ ಈರುಳ್ಳಿಯ ಘಾಟು. ಸಂಜೆಯಾದರೆ ಸ್ಟೇಷನ್ ರಸ್ತೆಯ ಗೋಬಿ ಗಾಡಿಯಿಂದ ಬೆಳ್ಳುಳ್ಳಿ ಹುರಿದ ವಾಸನೆ ಬೇರೆ. ಆ ಗಾಡಿ ನನ್ನ ಗೆಳತಿ ಸರಿತಾಳ ಅಪ್ಪನದು. ಅವರು ನೇಪಾಳದಿಂದ ಬಂದವರು. ಸರಿತಾ ಹುಟ್ಟಿದ್ದು ತರೀಕೆರೆಯಲ್ಲಿ. ಕುಂಟೆಬಿಲ್ಲೆಯಲ್ಲಿ ನನ್ನನ್ನು ಸೋಲಿಸಿ ಆಡಿಕೊಳ್ಳುತ್ತಿದ್ದದ್ದೆಲ್ಲ ನಮ್ಮ ಕನ್ನಡದಲ್ಲೇ. ಆದರೂ ಊರಿಗೆ ಅವಳು ‘ನೇಪಾಳಿ ಹುಡುಗಿ’. ಅವರ ಮನೆಯಲ್ಲಿ ಹಾವು ತಿನ್ನುತ್ತಾರಂತೆ ಎಂದು ನಮ್ಮ ಬೀದಿಯವರು ಹೇಳುತ್ತಿದ್ದರು. ಅವಳ ಡಬ್ಬಿಯ ಚಿತ್ರಾನ್ನ ದಿನಾ ತಿನ್ನುತ್ತಿದ್ದ ನಾನು, ಹಾಗಿಲ್ಲ ಎಂದು ಒಮ್ಮೆಯೂ ಹೇಳಲಿಲ್ಲ.

ಐದನೇ ಕ್ಲಾಸಿನಲ್ಲಿ ರಾಜ್ಯೋತ್ಸವಕ್ಕೆ ನಾಟಕವಿತ್ತು. ಕನ್ನಡ ತಾಯಿಯ ಪಾತ್ರದ ಒಂದು ಪುಟದ ಮಾತನ್ನು ಸರಿತಾ ಎರಡೇ ದಿನದಲ್ಲಿ ಬಾಯಿಪಾಠ ಮಾಡಿದಳು. “ನಾನು ಬಂದಿದ್ದೇನೆ ಮಕ್ಕಳೇ, ನನ್ನ ಗುರುತು ಸಿಕ್ಕಿತೇ?” ಎಂದು ಶುರು ಮಾಡಿದರೆ ಹಿಂದಿನ ಬೆಂಚಿನ ಹುಡುಗರೂ ಗಲಾಟೆ ನಿಲ್ಲಿಸುತ್ತಿದ್ದರು. ಪಾತ್ರ ತನಗೇ ಎಂದುಕೊಂಡು ಅಮ್ಮನ ಹಸಿರು ಸೀರೆಯನ್ನೂ ತಂದಿದ್ದಳು.

ಮಿಸ್ಸು ಅವಳನ್ನೇ ಒಂದು ಗಳಿಗೆ ನೋಡಿದರು. “ಮಾತು ಚೆನ್ನಾಗೈತೆ. ಮುಖ ಕನ್ನಡದೋರ ಥರ ಇಲ್ವಲ್ಲ, ಜನ ನಗ್ತಾರೆ.” ಆಮೇಲೆ ನನ್ನ ಕಡೆ ತಿರುಗಿ, “ನೀನು ಸೀರೆ ಉಟ್ಕೊಂಡು ಬಾಯಾಡ್ಸು. ಸರಿತಾ ಪರದೆ ಹಿಂದಿಂದ ಹೇಳ್ಲಿ,” ಎಂದರು. ನನಗೆ ಒಳಗೊಳಗೇ ಖುಷಿಯಾಯಿತು.

ಸರಿತಾ ನಲ್ಲಿಯ ಹತ್ತಿರ ಹೋದಳು. ಮುಖವನ್ನು ಗಸಗಸ ಉಜ್ಜಿ ತೊಳೆದು, ಲಂಗದ ತುದಿಯಿಂದ ಒರೆಸಿಕೊಂಡು ನನ್ನೆದುರು ನಿಂತಳು.

“ಈಗ ನೋಡೇ.”

“ಹಂಗೇ ಐತೆ ಕಣೇ,” ಎಂದೆ.

ನಾಟಕದ ದಿನ ಆ ಹಸಿರು ಸೀರೆಗೆ ಪಿನ್ನು ಚುಚ್ಚಿ ನನ್ನನ್ನು ಸಿಂಗರಿಸಿದವಳೂ ಅವಳೇ. ನಾನು ಬಾಯಾಡಿಸಿದೆ. ಬೆನ್ನ ಹಿಂದೆ ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ಚಪ್ಪಾಳೆ ನಿಂತ ಮೇಲೆ ಅತಿಥಿಗಳು ನನ್ನ ಕೈಗೆ ಸ್ಟೀಲ್ ಡಬ್ಬಿ ಕೊಟ್ಟು, “ಎಂಥಾ ದನಿ! ನಿಂದೇ ಏನಮ್ಮ?” ಎಂದರು.

“ಹೂಂ ಸಾರ್,” ಎಂದೆ. ಪರದೆ ಅಲ್ಲಾಡಿತು.

ಮಾರನೇ ದಿನವೂ ಅವಳು ಆಟಕ್ಕೆ ಬಂದಳು, ಸೀರೆ ವಾಪಸ್ ಇಸಿದುಕೊಂಡಳು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಬೇಸಿಗೆ ರಜೆ ಮುಗಿಸಿ ಬಂದಾಗ ಗಾಡಿ ಇರಲಿಲ್ಲ. ಬೀರೂರಿಗೆ ಹೋದರಂತೆ, ಅಲ್ಲಿಂದ ಎಲ್ಲಿಗೋ.

ಮೊನ್ನೆ ಕೆಲಸದ ತರಬೇತಿಗೆಂದು ಉತ್ತರ ಭಾರತದ ಊರೊಂದಕ್ಕೆ ಹೋಗಿದ್ದೆ. ಅಲ್ಲಿ ನಾನು ‘ಮದ್ರಾಸಿ’. ಕರ್ನಾಟಕದವಳು ಎಂದರೆ, “ಎಲ್ಲ ಒಂದೇ, ಬಣ್ಣ ನೋಡಿದರೆ ಗೊತ್ತಾಗುತ್ತೆ,” ಎಂದು ನಕ್ಕರು. ನಾನೂ ಹಲ್ಲುಕಿರಿದೆ. ರೂಮಿಗೆ ಬಂದವಳೇ ನಲ್ಲಿ ತಿರುಗಿಸಿ ಮುಖ ಉಜ್ಜತೊಡಗಿದೆ. ತಲೆಯೆತ್ತಿದರೆ ಬೆನ್ನ ಹಿಂದಿನಿಂದ ಅದೇ ದನಿ: ಈಗ ನೋಡೇ.

“ನಿನ್ ಮುಖಕ್ಕೇನಾಗೈತೆ, ಚೆನ್ನಾಗೇ ಐತೆ ಕಣೇ,” ಎಂದುಬಿಡಬೇಕಿತ್ತು ಅವತ್ತು. ಈಗ ಊರಿಗೆ ಹೋದಾಗಲೆಲ್ಲ ಸ್ಟೇಷನ್ ರಸ್ತೆಯಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ಅಲ್ಲಿರುವುದು ಬೇರೆ ಯಾರದೋ ಗಾಡಿ.