ಮೊದಲೇ ಇದ್ದ ಕಲೆ

ನನ್ನ ಮೈದುನನ ಬಗ್ಗೆ ಬೀದಿಯವರು ಹೇಳಿದ್ದು ಸಾಕು, ಡಾಕ್ಟರು ಬರೆದಿದ್ದೂ ಸಾಕು. ಹೇಳಬೇಕಾಗಿದ್ದವಳು ನಾನು. ಹೇಳಬೇಕಾದ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಈಗ ಹೇಳಿ ಏನು ಬಂತು ಅಂದರೆ, ಏನೂ ಬರಲಿಲ್ಲ. ಆದರೂ ಹೇಳುತ್ತೇನೆ.

ನಮ್ಮದು ಇಸ್ತ್ರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ಒಂದು ಶಟರು, ಒಳಗೆ ಕೌಂಟರು, ಅದರ ಹಿಂದೆ ಕಂಬಳಿ ಹಾಸಿದ ಮೇಜು, ಅದರ ಹಿಂದೆ ಒಂದು ಪರದೆ, ಪರದೆಯಾಚೆ ನಮ್ಮ ಸಂಸಾರ. ಕೌಂಟರಿನಲ್ಲಿ ನನ್ನ ಗಂಡ, ಮೇಜಿನ ಹತ್ತಿರ ಅವರ ತಮ್ಮ. ಒಗೆಯುವುದು, ಒಣಗಿಸುವುದು, ಕಿತ್ತುಹೋದ ಗುಂಡಿ ಹಾಕುವುದು ನನ್ನ ಪಾಲು. ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಾರೆ, ನೋಡಬೇಕಾದ್ದೊಂದನ್ನು ಬಿಟ್ಟು.

ಮೈದುನನಿಗೆ ಇಪ್ಪತ್ತನೇ ವಯಸ್ಸಿನಲ್ಲಿ ಕಾಯಿಲೆ ಶುರುವಾಯಿತಂತೆ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಅನ್ನುತ್ತಿದ್ದನಂತೆ, ಊಟ ನಿದ್ದೆ ಬಿಟ್ಟಿದ್ದನಂತೆ. ಆಮೇಲೆ ಮಾತ್ರೆ ಶುರುವಾಯಿತು, ಕಿವಿಯ ಮಾತು ನಿಂತಿತು. ನಾನು ಈ ಮನೆಗೆ ಬಂದು ಒಂಬತ್ತು ವರ್ಷ. ಅಷ್ಟು ವರ್ಷದಲ್ಲಿ ಅವನು ಒಂದು ನೊಣದ ಮೇಲೂ ಕೈ ಎತ್ತಿದ್ದನ್ನು ನಾನು ಕಾಣೆ. ಇಸ್ತ್ರಿಪೆಟ್ಟಿಗೆ ಕಾದಿದೆಯಾ ಅಂತ ಬೆರಳಲ್ಲಿ ನೀರು ಚಿಮುಕಿಸುತ್ತಿದ್ದ. ಚುಂಯ್ ಅಂದ ಕೂಡಲೇ ಒಂದು ಸಲ ನಗುತ್ತಿದ್ದ. ದಿನಕ್ಕೆ ಹತ್ತು ಸಲ ಕೇಳಿದರೂ ಹತ್ತು ಸಲವೂ ನಗು. ಬೀದಿಗೆಲ್ಲ ಅವನು 'ಆ ಹುಚ್ಚ'.

ಬಟ್ಟೆ ತೆಗೆದುಕೊಳ್ಳುವ ಮೊದಲು ಅದನ್ನು ಬಿಡಿಸಿ ನೋಡುವುದು ನಮ್ಮ ಕಸುಬಿನ ನಿಯಮ. ಕಲೆ, ಹರಕು, ಸುಟ್ಟ ಗುರುತು ಏನಿದ್ದರೂ ಗಿರಾಕಿಗೆ ತೋರಿಸಿ, ಚೀಟಿಯಲ್ಲಿ 'ಮೊದಲೇ ಇತ್ತು' ಅಂತ ಬರೆಯಬೇಕು. ಇಲ್ಲದಿದ್ದರೆ ನಾಳೆ ನಮ್ಮ ತಲೆಗೆ ಕಟ್ಟುತ್ತಾರೆ. ಈ ಕೆಲಸ ಮೈದುನನದು. ಅವನಿಗೆ ಯಾರ ಮುಲಾಜೂ ಇರಲಿಲ್ಲ. ಒಮ್ಮೆ ಬ್ಯಾಂಕಿನ ಮ್ಯಾನೇಜರಿಗೆ ಎಲ್ಲರೆದುರು, "ಸಾರ್, ಪ್ಯಾಂಟು ಕೂರೋ ಜಾಗದಲ್ಲಿ ಹರಿದಿದೆ, ಎರಡು ಬೆರಳು ತೂರತ್ತೆ" ಅಂದುಬಿಟ್ಟ. ತೂರಿಸಿಯೂ ತೋರಿಸಿದ. ಆ ಮನುಷ್ಯ ಒಂದು ತಿಂಗಳು ನಮ್ಮ ಅಂಗಡಿ ಕಡೆ ತಲೆಹಾಕಲಿಲ್ಲ.

ನಾನು ಒಣಗಿದ ಬಟ್ಟೆ ಹೊತ್ತು ಪರದೆ ಸರಿಸಿ ಬಂದರೆ ನನ್ನನ್ನೂ ಹಾಗೇ ನೋಡುತ್ತಿದ್ದ. "ಅತ್ತಿಗೆ, ಬಲ ಕೆನ್ನೆ ಊದಿದೆ. ಅಣ್ಣ ಹೊಡೆದ." ಅಯ್ಯೋ ಮಾರಾಯ, ಮೆಲ್ಲಗೆ ಅಂತ ನಾನು ಕಣ್ಣು ಬಿಡುತ್ತಿದ್ದೆ. ಅವನಿಗೆ ಅರ್ಥವಾಗುತ್ತಿರಲಿಲ್ಲ. ಇರುವುದನ್ನು ಹೇಳಿದರೆ ತಪ್ಪೇನು?

ಹೊಡೆದ ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಆಡುತ್ತಿದ್ದವನು ಅವನೊಬ್ಬನೇ. ಅತ್ತೆಯ ಪ್ರಕಾರ ದೊಡ್ಡ ಮಗನದು 'ಹುಚ್ಚು ಕೋಪ'. "ತಮ್ಮನಿಗೆ ಪೂರ್ತಿ ಬಂತು, ಅಣ್ಣನಿಗೆ ಒಂಚೂರು ಬಂದಿದೆ ಕಣಮ್ಮ. ರಕ್ತ ಒಂದೇ ಅಲ್ವಾ? ತಲೆ ಕೆಟ್ಟಾಗ ಮೈಮೇಲೆ ಎಚ್ಚರ ಇರಲ್ಲ ಅವನಿಗೆ." ಪಕ್ಕದ ಮನೆಯ ಹೊಲಿಗೆಯಮ್ಮನೂ ಅದನ್ನೇ ಅನ್ನುತ್ತಿದ್ದಳು, "ಯಾವುದಾದ್ರೂ ಒಳ್ಳೆ ಡಾಕ್ಟರಿಗೆ ತೋರಿಸ್ರಿ, ಮೆಂಟಲ್ ಥರ ಆಡ್ತಾರಲ್ಲ ನಿಮ್ಮೆಜಮಾನ್ರು."

ಎಚ್ಚರ ಇರುವುದಿಲ್ಲವಂತೆ! ನನ್ನ ಗಂಡ ಮೊದಲು ಶಟರು ಎಳೆಯುತ್ತಾರೆ. ಆಮೇಲೆ ಕೈಗಡಿಯಾರ ಬಿಚ್ಚಿ, ಗಾಜಿಗೆ ಗೀರು ಬೀಳದ ಹಾಗೆ ಮೇಲ್ಮುಖವಾಗಿ ಶೆಲ್ಫಿನ ಮೇಲಿಡುತ್ತಾರೆ. ಆಮೇಲೆ ಹೊಡೆಯುತ್ತಾರೆ. ಗಿರಾಕಿ ಬಂದು ಶಟರು ತಟ್ಟಿದರೆ, "ಬಂದೆ ಸಾರ್, ಎರಡೇ ನಿಮಿಷ" ಅನ್ನುವಾಗ ದನಿಯಲ್ಲಿ ಜೇನು ಸುರಿಯುತ್ತದೆ. ಒಂಬತ್ತು ವರ್ಷದಲ್ಲಿ ಒಬ್ಬ ಗಿರಾಕಿಯ ಮೇಲೆ ಈ ಹುಚ್ಚು ಕೆರಳಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನೂ ಹೊಲಿಗೆಯಮ್ಮನಿಗೆ, "ಏನ್ ಮಾಡೋದು ಅಕ್ಕ, ತಲೆ ಕೆಟ್ಟಾಗ ಹಾಗೆ" ಅನ್ನುತ್ತಿದ್ದೆ. ಗಂಡ ಹೊಡೆದ ಅನ್ನುವುದಕ್ಕಿಂತ ಅದು ಬಾಯಲ್ಲಿ ಸಲೀಸಾಗಿ ಬರುತ್ತಿತ್ತು.

ಹೋದ ವರ್ಷ ನನ್ನ ಎಡಗೈ ಮೂಳೆ ಮುರಿಯಿತು. ಗಂಡ, ಅತ್ತೆ ಇಬ್ಬರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಜಾರಿ ಬಿದ್ದಳು ಅಂದರು. ಆಸ್ಪತ್ರೆಯಲ್ಲಿ ಕಟ್ಟು ಹಾಕಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಆದರೆ ಕಣ್ಣು ಚುರುಕು. ಹಳೆಯ ಗಾಯಗಳನ್ನೂ ನೋಡಿದಳು. "ಇದು ಬಿದ್ದ ಪೆಟ್ಟಲ್ಲ. ಯಾರು ಹೊಡೆದಿದ್ದು? ನಾನು ಪೊಲೀಸರಿಗೆ ತಿಳಿಸಬೇಕಾಗತ್ತೆ."

ನನ್ನ ಗಂಡ ತಲೆ ತಗ್ಗಿಸಿದರು. ಕಣ್ಣಲ್ಲಿ ನೀರು ಕೂಡ ತಂದುಕೊಂಡರು. "ಹೇಗೆ ಹೇಳಲಿ ಡಾಕ್ಟ್ರೇ. ನನ್ನ ತಮ್ಮ... ಅವನಿಗೆ ತಲೆ ಸರಿ ಇಲ್ಲ. ಹುಚ್ಚು ಬಂದಾಗ ಹೀಗೆ."

"ಹೌದಮ್ಮ, ಚಿಕ್ಕೋನು ಮಾತ್ರೆ ಮೇಲಿದಾನೆ" ಅಂದರು ಅತ್ತೆ.

ಡಾಕ್ಟರಮ್ಮನ ಮುಖದ ಗಂಟು ಸಡಿಲವಾಯಿತು. ಹುಚ್ಚ, ಹೊಡೆದ. ಇದರಲ್ಲಿ ಕೇಳುವುದೇನಿದೆ? ಆದರೂ ನನ್ನ ಕಡೆ ತಿರುಗಿ ಕೇಳಿದಳು, "ಹೌದೇನ್ರೀ?"

ಇಲ್ಲ ಅಂದರೆ ನಾನು ವಾಪಸ್ಸು ಹೋಗುವುದು ಇದೇ ಗಂಡನ ಜೊತೆಗೆ, ಇದೇ ಶಟರಿನೊಳಕ್ಕೆ. ಮೈದುನನಿಗೆ ಏನಾಗುತ್ತದೆ, ಕಾಯಿಲೆಯವನು, ಬೈದು ಬಿಡುತ್ತಾರೆ ಅಂದುಕೊಂಡೆ. "ಹೂಂ" ಅಂದೆ. ಅಷ್ಟೇ ನಾನು ಮಾಡಿದ್ದು. ನನ್ನ ಬಾಯಿಗೆ ಮಣ್ಣು ಹಾಕ.

ಬೈದು ಬಿಡಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಅವನನ್ನು ಮಾನಸಿಕ ಆಸ್ಪತ್ರೆಗೆ ಒಯ್ಯಲು ಪೊಲೀಸರು ಬಂದರು. ಮೈದುನ ಒಂದು ಬಿಳಿ ಅಂಗಿಯ ಕಾಲರು ತಿರುವುತ್ತಿದ್ದ. ಕೈ ಹಿಡಿದಾಗಲೂ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿಟ್ಟ, ಅಂಗಿ ಸುಡಬಾರದಲ್ಲ. "ನಾನಲ್ಲ. ಅಣ್ಣ ಹೊಡೆದ. ಶಟರ್ ಎಳೆದು ಹೊಡೆದ. ಕೇಳಿ, ಅತ್ತಿಗೇನೇ ಕೇಳಿ" ಅಂದ. ಯಾರೂ ನನ್ನನ್ನು ಕೇಳಲಿಲ್ಲ. ನಾನಾಗಿಯೂ ಹೇಳಲಿಲ್ಲ. ಬೀದಿಯವರು ಬಾಗಿಲಿಗೆ ಬಂದು ನಿಂತಿದ್ದರು. "ಇಷ್ಟು ದಿನ ಇಂಥವನನ್ನ ಇಟ್ಕೊಂಡಿದ್ರಲ್ಲ, ದೊಡ್ಡ ಗುಣ" ಅಂತ ಯಾರೋ ನನ್ನ ಗಂಡನ ಭುಜ ತಟ್ಟಿದರು.

ಎರಡು ತಿಂಗಳಾದ ಮೇಲೆ ಅತ್ತೆಯ ಜೊತೆ ಮಾನಸಿಕ ಆಸ್ಪತ್ರೆಗೆ ಹೋದೆ. ಉದ್ದನೆಯ ವರಾಂಡ, ಹಸಿರು ಬೆಂಚು, ಫಿನಾಯಿಲ್ ವಾಸನೆ. ಅಲ್ಲಿನ ಡಾಕ್ಟರು ಒಳ್ಳೆಯವರೇ. ಫೈಲು ಬಿಡಿಸಿ ಹೇಳಿದರು, "ಉಳಿದದ್ದೆಲ್ಲ ಚೆನ್ನಾಗಿದೆ. ಆದರೆ ಅಣ್ಣ ಹೊಡೀತಾನೆ, ಅಣ್ಣ ಹೊಡೀತಾನೆ ಅನ್ನೋದೊಂದು ಭ್ರಮೆ ಬಿಟ್ಟಿಲ್ಲ. ಅದೊಂದು ಹೋದ ಮೇಲೆ ಕಳಿಸೋಣ. ಮನೇಲಿ ಹಾಗೇನೂ ಇಲ್ಲ ತಾನೇ?"

ಇನ್ನೊಂದು ಅವಕಾಶ ದೇವರು ನನ್ನ ಮುಂದಿಟ್ಟಿದ್ದ. ಅತ್ತೆ ನನ್ನ ಕಾಲು ಒತ್ತಿದರು. "ಇಲ್ಲ ಡಾಕ್ಟ್ರೇ" ಅಂದೆ.

ಮೈದುನ ಬಂದು ಬೆಂಚಿನ ತುದಿಯಲ್ಲಿ ಕೂತ. ಸೊರಗಿ ಕಡ್ಡಿಯಾಗಿದ್ದ. ಅವನ ಅಂಗಿ ಮುದುರಿತ್ತು, ಅದನ್ನೇ ಅಂಗೈಯಲ್ಲಿ ಉಜ್ಜಿ ಉಜ್ಜಿ ನೆಟ್ಟಗೆ ಮಾಡುತ್ತಿದ್ದ. ಅತ್ತೆ ನೀರು ಕುಡಿಯಲು ಎದ್ದು ಹೋದಾಗ ನನ್ನನ್ನು ನೋಡಿದ. "ಅತ್ತಿಗೆ, ಕತ್ತಿನ ಹತ್ತಿರ ಉಗುರಿನ ಗೀರು. ಅಣ್ಣ..."

ನಾನು ಅವನ ಬಾಯಿ ಮುಚ್ಚಿದೆ. ಕಲಿಸಿಕೊಟ್ಟವಳು ನಾನೇ. "ಹಾಗೆ ಹೇಳಬೇಡಪ್ಪ. ಹೇಳಿದರೆ ಮನೆಗೆ ಕಳಿಸಲ್ಲ. ಯಾರಾದ್ರೂ ಕೇಳಿದರೆ, ಬಟ್ಟೆಗೆ ಹೇಳ್ತೀಯಲ್ಲ, ಮೊದಲೇ ಇತ್ತು ಅಂತ. ಹಾಗೆ ಹೇಳು."

"ಮೊದಲೇ ಇರಲಿಲ್ವಲ್ಲ."

"ನನ್ನಾಣೆ. ಹಾಗೇ ಹೇಳು."

ಅಂಗಿಯ ಮುದುರನ್ನು ಇನ್ನೊಂದು ಸಲ ಉಜ್ಜಿದ. ಆಮೇಲೆ ಹೂಂ ಅಂತ ತಲೆಯಾಡಿಸಿದ.

ಆರು ವಾರದಲ್ಲಿ ಕಳಿಸಿಕೊಟ್ಟರು. ಚೀಟಿಯಲ್ಲಿ 'ಗುಣಮುಖ' ಅಂತ ಬರೆದಿದ್ದರು. ಅಣ್ಣ ತಮ್ಮನನ್ನು ಆಟೋದಲ್ಲಿ ಕರೆದುಕೊಂಡು ಬಂದರು, ಬೀದಿಯೆಲ್ಲ ನೋಡುವ ಹಾಗೆ. ಮೈದುನ ಮತ್ತೆ ಮೇಜಿನ ಹತ್ತಿರ ನಿಂತ. ಮಡಿಕೆ ಮೊದಲಿನಷ್ಟೇ ಚೂಪು. ಬಟ್ಟೆ ಬಿಡಿಸಿ ನೋಡುವುದನ್ನು ಮಾತ್ರ ಬಿಟ್ಟಿದ್ದ. ಗಿರಾಕಿ ಕೊಟ್ಟದ್ದನ್ನು ಸುಮ್ಮನೆ ರಾಶಿಗೆ ಹಾಕುತ್ತಿದ್ದ.

ಕಳೆದ ವಾರ ಬ್ಯಾಂಕಿನ ಮ್ಯಾನೇಜರು ಅಂಗಿಯ ತೋಳಿನಲ್ಲಿ ಸುಟ್ಟ ತೂತು ತೋರಿಸಿ, ನೀವೇ ಸುಟ್ಟಿದ್ದು ಅಂತ ಕೌಂಟರು ಕುಟ್ಟಿ ಕೂಗಾಡಿದರು. ಆ ತೂತು ಒಗೆಯುವಾಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಚೀಟಿಯಲ್ಲಿ ಮಾತ್ರ ಏನೂ ಇರಲಿಲ್ಲ. ನನ್ನ ಗಂಡ ನಗುನಗುತ್ತ ಕ್ಷಮೆ ಕೇಳಿ ಅವರನ್ನು ಕಳಿಸಿದರು. ಶಟರು ಎಳೆದರು. ಗಡಿಯಾರ ಬಿಚ್ಚಿದರು.

ಮಾರನೆಯ ಬೆಳಿಗ್ಗೆ ನಾನು ಪರದೆ ಸರಿಸಿ ಮೈದುನನ ಎದುರು ಹೋಗಿ ನಿಂತೆ. ನನ್ನ ಒಂದು ಕಣ್ಣು ಮುಚ್ಚಿಹೋಗಿತ್ತು. ಈ ಪ್ರಪಂಚದಲ್ಲಿ ಒಬ್ಬನಾದರೂ 'ಅಣ್ಣ ಹೊಡೆದ' ಅನ್ನುವ ಆ ಮಾತು ಆಡಲಿ ಅನ್ನಿಸಿತು. ಅದಕ್ಕಾಗಿ ಅವನ ಕಾಲು ಹಿಡಿಯಲೂ ತಯಾರಿದ್ದೆ.

"ನೋಡಪ್ಪ, ಸರಿಯಾಗಿ ನೋಡು. ನೋಡಿ ಹೇಳು."

ಅವನು ನೋಡಿದ. ತುಟಿ ಅಲ್ಲಾಡಿತು. ಕೌಂಟರಿನ ಕಡೆ ಒಮ್ಮೆ ತಿರುಗಿದ. ಆಮೇಲೆ ಬೆರಳು ಅದ್ದಿ ಇಸ್ತ್ರಿಪೆಟ್ಟಿಗೆಯ ಮೇಲೆ ನೀರು ಚಿಮುಕಿಸಿದ. ಚುಂಯ್ ಅಂತು. ಅವನು ನಗಲಿಲ್ಲ.

"ಮೊದಲೇ ಇತ್ತು, ಅತ್ತಿಗೆ" ಅಂದ.