ಕುರಿಯ ಬೆನ್ನ ಮೇಲಿನ ಅಂಕಲಿಪಿ

ದೀಪಾಳಿಗೆ ಬುದ್ಧಿ ಹೇಳಲು ಹೋದವರೆಲ್ಲ ತಾವೇ ಬುದ್ಧಿ ಹೇಳಿಸಿಕೊಂಡು ಬಂದಿದ್ದಾರೆ. ನಾನೂ ಅವರಲ್ಲಿ ಒಬ್ಬಳು. ಕೊಣ್ಣೂರಿನಲ್ಲಿ ಅವಳ ಮನೆಯ ಬಾಜೂದ್ದೇ ನನ್ನ ಮನೆ, ನಡುವೆ ಒಂದು ಗಿಡ್ಡ ಗೋಡೆ. ನಾನು ಹೊಲಿಗೆ ಮಷೀನಿನ ಮುಂದೆ ಕುಳಿತರೆ ಅವರ ಅಂಗಳ, ಕುರಿ ಕೂಡುವ ದಡ್ಡಿ, ಜಗಳ, ನಗು ಎಲ್ಲವೂ ಕಾಣುತ್ತವೆ. ಆ ವರ್ಷ ನಡೆದದ್ದನ್ನು ಊರಿನವರು ತಮತಮಗೆ ತಿಳಿದಂತೆ ಉಪ್ಪುಕಾರ ಹಚ್ಚಿ ಹೇಳುತ್ತಾರೆ. ಅದನ್ನು ಕೇಳಿ ಕೇಳಿ ನನ್ನ ತಲೆ ಕೆಟ್ಟಿದೆ. ಕಣ್ಣಾರೆ ಕಂಡವಳು ನಾನು ಇರುವಾಗ ಅವರಿಗೇಕೆ ಈ ಉಸಾಬರಿ?

ದೀಪಾಳ ತವರು ಹುಕ್ಕೇರಿ ಕಡೆ. ಅಲ್ಲೇ ಪಿಯುಸಿ ಮುಗಿಸಿ ಕೊಣ್ಣೂರಿನ ಕುರುಬರ ಮನೆಗೆ ಸೊಸೆಯಾಗಿ ಬಂದಳು. ಗಂಡ ಲಕ್ಷ್ಮಣ ದೊಡ್ಡ ಹಿಂಡನ್ನು ಹೊಡೆದುಕೊಂಡು ಮೂಡಲಗಿ ಸೀಮೆಯ ಕಡೆ ಹೋದರೆ ತಿಂಗಳುಗಟ್ಟಲೆ ಹೊಲದಿಂದ ಹೊಲಕ್ಕೆ ತಿರುಗುತ್ತಾನೆ. ಈಯುವ ಕುರಿಗಳು ಮಾತ್ರ ಮನೆಯ ದಡ್ಡಿಯಲ್ಲಿ ಉಳಿಯುತ್ತವೆ. ಅವನ್ನು ನೋಡಿಕೊಳ್ಳುವವನು ಮಾವ ಪರಸಪ್ಪ. ತಾಯಿ ಮತ್ತು ಈ ಅಜ್ಜನ ನಡುವೆ ಬೆಳೆದವಳು ದೀಪಾಳ ಒಬ್ಬಳೇ ಮಗಳು ಕಸ್ತೂರಿ.

ಕಸ್ತೂರಿಗೆ ಮಾತು ತಡವಾಗಿ ಬಂತು. ಒಂದು ಹೇಳಿದರೆ ಅದು ಒಳಗೆ ಇಳಿಯಲು ಹೊತ್ತು ಬೇಕು. ಐದು ತುಂಬಿದ ಮೇಲೆ ಅವಳನ್ನು ಗೋಕಾಕದ ಒಂದು ಇಂಗ್ಲಿಷ್ ಸಾಲೆಯ ಎಲ್‌ಕೆಜಿಗೆ ಹಾಕಿದರು. ದೀಪಾವಳಿಯ ಹೊತ್ತಿಗೆ ಆ ಸಾಲೆಯವರು ದೀಪಾಳನ್ನು ಕರೆಸಿ, ಹುಡುಗಿಗೆ ಏನೂ ಹತ್ತುತ್ತಿಲ್ಲ, ಬರುವ ವರ್ಷವೂ ಇದೇ ತರಗತಿಯಲ್ಲಿ ಕೂಡಿಸುತ್ತೇವೆ ಎಂದರು. ಅದಕ್ಕಿಂತ ಸಂಕಟದ ಸಂಗತಿ ಬೇರೆ ಇತ್ತು. ಸಾಲೆಯ ಗಾಡಿಯ ಹಾರ್ನ್ ಕೇಳಿದರೆ ಸಾಕು, ಮಗು ಬಾಗಿಲ ಚೌಕಟ್ಟನ್ನು ತಬ್ಬಿ ಚೀರುತ್ತಿತ್ತು. ಪೆನ್ಸಿಲ್ ತೋರಿಸಿದರೆ ಕೈಗಳನ್ನು ಫ್ರಾಕಿನೊಳಗೆ ಬಚ್ಚಿಡುತ್ತಿತ್ತು. ನಾಲ್ಕು ಮನೆಗೆ ಕೇಳುವಂಥ ಆ ಚೀರಾಟ ಕೇಳಿ ನಾನು ಮಷೀನು ನಿಲ್ಲಿಸಿ ಗೋಡೆಯ ಹತ್ತಿರ ಓಡುತ್ತಿದ್ದೆ.

ದೀಪಾ ಮಗಳನ್ನು ಸಾಲೆ ಬಿಡಿಸಿದಳು. "ಒಂದನೇ ಕ್ಲಾಸಿಗೆ ಹೋಗೂದ್ರಾಗ ಮನ್ಯಾಗ ನಾನ ಕಲಸ್ತೇನಿ" ಎಂದಳು.

ಪರಸಪ್ಪ ಒಂದು ಗಡುವು ಹಾಕಿದ. "ಆತು, ಜೂನ್ ತನಕಾ ನೋಡತೇನಿ. ಅಷ್ಟ್ರಾಗ ಆಕಿಗೆ ಅಕ್ಷರ ಬಂದ್ವು ಅಂದ್ರ ಊರ ಸಾಲಿಗೆ ಹಾಕು, ನಾನ ಕರಕೊಂಡ ಹೋಗಿ ಬಿಡತೇನಿ. ಬರಲಿಲ್ಲಂದ್ರ ಲಕ್ಷ್ಮಣನ ಕೂಡ ಕುರಿ ಹಿಂದ ಹೋಗ್ಲಿ. ಅಲ್ಲೆರ ನಕ್ಕೋತ ಇರತಾಳ."

ಮುದುಕ ಕೆಟ್ಟವನಲ್ಲ. ಮೊಮ್ಮಗಳ ಅಳು ಅವನಿಂದ ನೋಡಲಾಗುತ್ತಿರಲಿಲ್ಲ, ಅಷ್ಟೇ. ಆದರೆ ಆ ಮನೆಯಲ್ಲಿ ಅವನ ಮಾತು ಎಂದರೆ ಮಾತು. ಒಮ್ಮೆ ಹಿಂಡಿನ ಹಿಂದೆ ಹೋದ ಹೆಣ್ಣುಮಗು ಮತ್ತೆ ಸಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂಬುದು ದೀಪಾಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಲ್ಲಿಂದ ಶುರುವಾಯಿತು ಪುಸ್ತಕ ಹುಡುಕುವ ಹುಚ್ಚು. ಮೊದಲು ಗೋಕಾಕದ ಪೇಟೆಯಿಂದ ಪುಸ್ತಕಗಳ ಒಂದು ಡಬ್ಬಿ ಬಂತು. ಮನೆಯಲ್ಲೇ ಕಲಿಸುವವರಿಗೆಂದು ಮಾಡಿದ್ದಂತೆ. ನುಣುಪು ಹಾಳೆ, ಬಣ್ಣಬಣ್ಣದ ಚಿತ್ರ. ಮಂಜುಗಡ್ಡೆಯ ಗುಂಡು ಮನೆಯ ಚಿತ್ರ ನೋಡಿ ಕಸ್ತೂರಿ "ದಡ್ಡಿ" ಎಂದಳು. ಒಳಗೆ ಕುರಿ ಯಾಕಿಲ್ಲ ಎಂದು ಹಾಳೆಯ ಹಿಂದೆಯೂ ತಿರುಗಿಸಿ ನೋಡಿದಳು. ಕುರಿ ಸಿಗಲಿಲ್ಲವೆಂದು ಡಬ್ಬಿಯ ಕಡೆ ಮತ್ತೆ ತಿರುಗಲಿಲ್ಲ.

ಆಮೇಲೆ ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹೆಣ್ಣುಮಗಳು ಸಿಕ್ಕಳು. ಸಕ್ಕರೆಯಂಥ ಮಾತು. ಹಿಟ್ಟು ಕಲಸಿ ಬಣ್ಣ ಹಾಕಿರಿ, ಅದರಲ್ಲಿ ಅಕ್ಷರ ಮಾಡಿಸಿರಿ, ಮನೆಯಲ್ಲಿ ಒಂದು ಶಾಂತವಾದ ಮೂಲೆ ಇಡಿರಿ ಎನ್ನುತ್ತಿದ್ದಳು. ಕುರಿಗಳು ಅರಚುವ ಮನೆಯಲ್ಲಿ ಶಾಂತವಾದ ಮೂಲೆ ಎಲ್ಲಿಂದ ತರಬೇಕು? ಆದರೂ ದೀಪಾ ಜೋಳದ ಹಿಟ್ಟಿಗೆ ಅರಿಶಿನ ಹಾಕಿ ಕಲಸಿಕೊಟ್ಟಳು. ಕಸ್ತೂರಿ ಅದನ್ನು ಚಂದಾಗಿ ತಟ್ಟಿ ರೊಟ್ಟಿ ಮಾಡಿ ಕುರಿಗೆ ತಿನ್ನಿಸಿ ಬಂದಳು.

ಮೂರನೆಯದು ಹುಕ್ಕೇರಿ ಸಂತೆಯಲ್ಲಿ ಕೊಂಡ ಅಂಕಲಿಪಿ. ನಾವೆಲ್ಲ ಕಲಿತದ್ದು ಅದರಲ್ಲೇ. ಕಸ್ತೂರಿ ಅ ಆ ಇ ಈ ಎಂದು ರಾಗವಾಗಿ ಹಾಡುವುದನ್ನು ಕಲಿತಳು. ಆದರೆ 'ಇ' ಯಾವುದು ತೋರಿಸು ಎಂದರೆ ಗೋಡೆ ನೋಡುತ್ತಿದ್ದಳು. ಗೋಡೆಯ ಆಚೆಯಿಂದ ನಾನು ತಡೆಯಲಾರದೆ ಹೇಳಿದೆ. "ಕೈ ಹಿಡದ ಗಟ್ಟಿ ತಿದ್ದಸಬೇ. ನೂರ ಸಲ ತಿದ್ದಿದ್ರ ತಾನ ಬರತೈತಿ."

ದೀಪಾ ತಲೆ ಎತ್ತಿ ನೋಡಿದಳು. "ಅಕ್ಕಾರ, ಮಷೀನಿಗೆ ದಾರಾ ಹಾಕದ ನೂರ ಸಲ ತುಳದ್ರ ಹೊಲಿಗಿ ಬೀಳತೈತೇನ್ರಿ?"

ಸಿಟ್ಟು ಬಂತು. ಎರಡು ದಿನ ನಾನು ಅವಳ ಕೂಡ ಮಾತಾಡಲಿಲ್ಲ. ಆದರೆ ಮಾತು ಖರೆ ಇತ್ತು.

ಶಿವರಾತ್ರಿಯ ಹೊತ್ತಿಗೆ ಕುರಿಗಳು ಈದವು. ಕುರುಬರ ಮನೆಯಲ್ಲಿ ಆಗ ದಿನಾ ಸಂಜೆ ಒಂದು ಗದ್ದಲದ ಕೆಲಸ ಇರುತ್ತದೆ. ಹಗಲು ತಾಯಿಕುರಿಗಳು ಮೇಯಲು ಹೋಗುತ್ತವೆ, ಮರಿಗಳು ದಡ್ಡಿಯಲ್ಲೇ ಇರುತ್ತವೆ. ಹೊತ್ತು ಇಳಿದಾಗ ತಾಯಂದಿರು ಬಂದರೆ ಎಲ್ಲ ಮರಿಗಳೂ ಒಮ್ಮೆಲೇ ಬಾಯಿ ಹಾಕುತ್ತವೆ. ಗಟ್ಟಿ ಮರಿ ಎರಡು ತಾಯಿಯ ಹಾಲು ಕುಡಿಯುತ್ತದೆ, ಬಡ ಮರಿ ಹಸಿದು ಉಳಿಯುತ್ತದೆ. ಅದಕ್ಕೆ ಯಾವ ಮರಿ ಯಾವ ತಾಯಿಯದು ಎಂದು ಗುರುತಿಸಿ ಹಿಡಿದು ಬಿಡಬೇಕು. ಎಲ್ಲವೂ ಕರಿ ಕುರಿಗಳೇ. ನನ್ನ ಕಣ್ಣಿಗಂತೂ ಒಂದಕ್ಕೂ ಇನ್ನೊಂದಕ್ಕೂ ಫರಕು ಇಲ್ಲ.

ಕಸ್ತೂರಿ ಆ ಗದ್ದಲದ ನಡುವೆ ನಿಂತು, ಒಂದೊಂದು ಮರಿಯನ್ನೂ ಎತ್ತಿ, ಗಂಗಿಯ ಮರಿಯನ್ನು ಗಂಗಿಗೆ, ಪಾರಿಯ ಮರಿಯನ್ನು ಪಾರಿಗೆ ಒಯ್ದು ಬಿಡುತ್ತಿದ್ದಳು. ಒಮ್ಮೆಯೂ ತಪ್ಪುತ್ತಿರಲಿಲ್ಲ. ಕುರಿಗಳಿಗೆ ಹೆಸರು ಇಟ್ಟವಳೂ ಅವಳೇ. ರಾಣಿ, ಮಲ್ಲಿ, ಸಾಂವಳಿ, ಕರಕಿ, ಹೀಗೆ.

ಒಂದು ಸಂಜೆ ದೀಪಾ ಕಟ್ಟೆಯ ಮೇಲೆ ಕುಳಿತು ಇದನ್ನು ನೋಡುತ್ತಿದ್ದಳು. ಒಮ್ಮೆಲೇ ಎದ್ದು ಒಳಗೆ ಹೋಗಿ ಎಲ್‌ಕೆಜಿಯ ಹಳೆಯ ಪುಸ್ತಕ ತಂದಳು. "ಜೋಡಿಸಿ ಬರೆಯಿರಿ" ಎಂಬ ಪುಟ. ಬಲಕ್ಕೆ ಒಂದಷ್ಟು ಚಿತ್ರ, ಎಡಕ್ಕೆ ಒಂದಷ್ಟು. ಪುಟದ ತುಂಬ ಸಾಲೆಯವರು ಹಾಕಿದ ಕೆಂಪು ಗೆರೆ. ಗೋಡೆಯ ಹತ್ತಿರ ಬಂದು ನನಗೆ ತೋರಿಸಿ ಕೇಳಿದಳು. "ಅಕ್ಕಾರ, ಇದನ್ನ ಅಲ್ಲರಿ ಆಕಿ ದಿನಾ ಸಂಜಿಕ ಮಾಡೂದು?" ನಾನು ಪುಸ್ತಕ ಇಸಿದುಕೊಂಡು ಒಮ್ಮೆ ಪುಟ, ಒಮ್ಮೆ ದಡ್ಡಿ ನೋಡಿದೆ.

ಮರುದಿನ ಬಿಳಿ ಬಣ್ಣದ ಡಬ್ಬಿ ಬಂತು. ಕುರಿಯ ಬೆನ್ನಿನ ಹಿಂಬದಿಗೆ ಮಾಲೀಕರು ಗುರುತಿನ ಗೆರೆ ಎಳೆಯುವುದು ರೂಢಿ. ದೀಪಾ ಅದೇ ಜಾಗದಲ್ಲಿ ಗಂಗಿಯ ಮೇಲೆ 'ಗ' ಬರೆದಳು, ಗಂಗಿಯ ಮರಿಯ ಮೇಲೂ ಅದೇ. ಪಾರಿಗೆ 'ಪ', ಮಲ್ಲಿಗೆ 'ಮ'. ಪರಸಪ್ಪ ಮೇವಿನ ಹೊರೆ ಇಳಿಸಿ ನೋಡಿದವನೇ ಕೂಗಾಡಿದ.

"ಏನಿದು? ನಾಳಿ ಕತ್ತರಿಸಿದ ಮ್ಯಾಲ ಈ ಬಣ್ಣಾ ಹತ್ತಿದ ಉಣ್ಣಿ ಯಾರ ತಗೋತಾರ?"

"ಉಣ್ಣಿ ಯಾರ ಕೇಳಾಕತ್ತಾರ್ರಿ ಮಾವಾರ ಈಗ? ಜೂನ್ ತನಕಾ ನೋಡತೇನಿ ಅಂತ ನೀವ ಹೇಳೀರಿ" ಎಂದಳು ಸೊಸೆ. ಮುದುಕ ಗೊಣಗುತ್ತ ಒಳಗೆ ಹೋದ.

ಪಠ್ಯಕ್ರಮ ಎಂದರೆ ಅಷ್ಟೇ. ವಾರಕ್ಕೆ ಒಂದೋ ಎರಡೋ ಹೊಸ ಅಕ್ಷರ. ಸಂಜೆ ಮರಿ ಬಿಡುವಾಗ ಕಸ್ತೂರಿ ಅಕ್ಷರ ಮುಟ್ಟಿ ಹೆಸರು ಹೇಳಬೇಕು, ಅದರ ಮೇಲೆ ಬೆರಳು ಆಡಿಸಬೇಕು, ಆಮೇಲೆ ಮರಿಯನ್ನು ತಾಯಿಯ ಹತ್ತಿರ ಬಿಡಬೇಕು. ಹಾಳೆ ಇಲ್ಲ, ಪೆನ್ಸಿಲ್ ಇಲ್ಲ, ಕೆಂಪು ಗೆರೆ ಇಲ್ಲ. ಅವಳು ನಗುನಗುತ್ತ ಮಾಡುತ್ತಿದ್ದಳು.

ಊರಿಗೆ ಇದೊಂದು ತಮಾಷೆಯಾಯಿತು. ಕುರಿಗಳು ರಸ್ತೆ ದಾಟುವಾಗ ಬಸ್ಸಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಓದುತ್ತಿದ್ದರು. ಕಬ್ಬು, ಗೋವಿನಜೋಳ ಬೆಳೆಯುವ ಮಾಲಿಂಗಪ್ಪ ಒಂದು ಮಧ್ಯಾಹ್ನ ಸಿಟ್ಟಿನಿಂದ ಬಂದು ಅಂಗಳದಲ್ಲಿ ನಿಂತ. "ಪರಸಪ್ಪಾ, ನಿಮ್ಮ ಗ ಮತ್ತ ಮ ಎರಡೂ ನಮ್ಮ ಗೋವಿನಜೋಳದಾಗ ಹೊಕ್ಕಾವ ನೋಡ್ರಿ" ಎಂದ. ಹಿಂದೆಲ್ಲ ಯಾರ ಕುರಿ ಎಂದು ವಾದ ಮಾಡಬಹುದಿತ್ತು, ಈಗ ಅದಕ್ಕೂ ಕಲ್ಲು ಬಿತ್ತು. ಪರಸಪ್ಪ ಸೊಸೆಯನ್ನು ದುರುಗುಟ್ಟಿ ನೋಡಿ ಬಡಿಗೆ ತೆಗೆದುಕೊಂಡು ಓಡಿದ. ನಾನು ನಕ್ಕು ನಕ್ಕು ಹೊಲಿಗೆ ಡೊಂಕು ಮಾಡಿದೆ.

ಆದರೆ ಮೇ ತಿಂಗಳು ಬಂದಂತೆ ಮುದುಕ ಒಂದು ಮಾತು ಎತ್ತಿದ. ಅದು ನನ್ನ ಮನಸ್ಸಿನಲ್ಲೂ ಇತ್ತು.

"ಆಕಿ ಕುರಿ ಗುರ್ತಾ ಹಿಡೀತಾಳ, ಅಕ್ಷರ ಅಲ್ಲ. ಬಣ್ಣಾ ಹಚ್ಚೂದಕಿಂತ ಮೊದಲೂ ಆಕಿಗೆ ಗಂಗಿ ಯಾವದು ಪಾರಿ ಯಾವದು ಗೊತ್ತಿತ್ತಲ್ಲ."

ದೀಪಾ ಹಲಗೆಯ ಮೇಲೆ ಸೀಮೆಸುಣ್ಣದಿಂದ 'ಗ' ಬರೆದು ತೋರಿಸಿದಳು. ಮಗು ಹಲಗೆ ಕಂಡದ್ದೇ ಕೈಗಳನ್ನು ಫ್ರಾಕಿನೊಳಗೆ ಹಾಕಿಕೊಂಡಿತು. ನಾನೂ ರಮಿಸಿ ನೋಡಿದೆ, ಬೆಲ್ಲ ಕೊಟ್ಟು ನೋಡಿದೆ. ತುಟಿ ಬಿಚ್ಚಲಿಲ್ಲ. ಪರಸಪ್ಪ ಎದ್ದು ದಡ್ಡಿಯ ಕಡೆ ಹೋದ. ಅಂದು ದೀಪಾ ಗೋಡೆಗೆ ಒರಗಿ ಕಣ್ಣೀರು ಹಾಕಿದಳು. ಅಲ್ಲಿಯತನಕ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ಸಾಲೆ ತೆರೆಯುವ ದಿನ ಹತ್ತಿರ ಬಂದಾಗ ದೀಪಾ ಬಸುರಿಯಾಗಿದ್ದ ತಮ್ಮನ ಹೆಂಡತಿಯ ಕುಬಸಕ್ಕೆಂದು ಮಗಳನ್ನು ಕರೆದುಕೊಂಡು ಹುಕ್ಕೇರಿಗೆ ಹೋದಳು. ತಿರುಗಿ ಬಂದ ಸಂಜೆ ಅವಳು ಅಂಗಳದಲ್ಲಿ ಚೀಲ ಕೆಳಗಿಡದೆ ಹಾಗೇ ನಿಂತಳು. ಮಳೆಗೆ ಮುಂಚೆ ಉಣ್ಣೆ ಕತ್ತರಿಸುವವರು ಊರಿಗೆ ಬಂದಿದ್ದರು. ಪರಸಪ್ಪ ವರ್ಷದ ಪದ್ಧತಿಯಂತೆ ಮರಿಗಳನ್ನೂ ಬಿಡದೆ ಇಡೀ ದಡ್ಡಿಯ ಉಣ್ಣೆ ತೆಗೆಸಿಬಿಟ್ಟಿದ್ದ. ಮೂಲೆಯಲ್ಲಿ ಕರಿ ಉಣ್ಣೆಯ ರಾಶಿ, ಅದರೊಳಗೆ ಅಲ್ಲಲ್ಲಿ ಬಿಳಿ ಬಣ್ಣದ ಚೂರು. ಶಿವರಾತ್ರಿಯಿಂದ ಬರೆದ ಅಕ್ಷರವೆಲ್ಲ ಅಲ್ಲಿ ಬಿದ್ದಿತ್ತು.

"ಏನ ಮಾಡಿದ್ರಿ ಮಾವಾರ" ಎಂದಳು ದೀಪಾ. ಜಗಳವಾಡಲೂ ಅವಳಲ್ಲಿ ತ್ರಾಣ ಇರಲಿಲ್ಲ.

ಪರಸಪ್ಪನಿಗೆ ಮೊದಲು ತಿಳಿಯಲೇ ಇಲ್ಲ. "ಗುರ್ತಾ ಉಣ್ಣಿ ಕೂಡ ಹೋಗೂದ, ಮತ್ತ ಹಾಕೂದ. ವರ್ಷಾ ಹಂಗ ಮಾಡತೇವಲ್ಲ" ಎಂದ. ಅವನ ಪಾಲಿಗೆ ಅದು ಕುರಿಯ ಗುರುತು. ಸೊಸೆಯ ಮುಖ ನೋಡಿದ ಮೇಲೆ ಒಳಗೆ ಹೋಗಿ ಬಣ್ಣದ ಡಬ್ಬಿ ಹುಡುಕಿ ತಂದ. ನಾನು ಗೋಡೆಯ ಮೇಲಿನಿಂದ ಬಾಯಿ ಮಾಡಿದೆ. "ಅಲ್ಲೋ ಕಾಕಾ, ನಾಕ ದಿನಾ ತಡೀಲಾಕ ನಿನಗೇನಾಗಿತ್ತು?"

ಆ ಹೊತ್ತಿಗೆ ಮೇಯಲು ಹೋದ ತಾಯಿಕುರಿಗಳು ಬಂದವು. ಉಣ್ಣೆ ಹೋಗಿ ಬೋಳಾದ ತಾಯಂದಿರನ್ನು ಕಂಡು ಮರಿಗಳು ಗುರುತು ಸಿಗದೆ ಅತ್ತಿತ್ತ ಓಡಾಡಿ ಅರಚತೊಡಗಿದವು. ಕಸ್ತೂರಿ ನುಗ್ಗಿ ಹೋದಳು. ಪರಸಪ್ಪ ಮೆತ್ತಗಾಗಿದ್ದ. ಬಣ್ಣದ ಡಬ್ಬಿಯಲ್ಲಿ ಕಡ್ಡಿ ಅದ್ದಿ, ಎದುರಿಗೆ ಸಿಕ್ಕ ಕುರಿಯ ಮೇಲೆ ತನ್ನ ಹಳೆಯ ಗೆರೆ ಎಳೆಯಲು ಬಗ್ಗಿದ.

"ಮುತ್ಯಾ, ಹಂಗಲ್ಲ" ಎಂದಳು ಕಸ್ತೂರಿ.

ಅವನ ಕೈಯಿಂದ ಕಡ್ಡಿ ತೆಗೆದುಕೊಂಡಳು. ಫ್ರಾಕಿನೊಳಗೆ ಅಡಗುತ್ತಿದ್ದ ಕೈ. ಬೋಳು ಕುರಿಯ ಮೇಲೆ ನಾಲಿಗೆ ಕಚ್ಚಿ, ಮೆಲ್ಲಗೆ, ಸೊಟ್ಟಗೆ, ದೊಡ್ಡದಾಗಿ 'ಗ' ಬರೆದಳು. "ಗಂಗಿ" ಎಂದಳು. ಮುಂದಿನದಕ್ಕೆ 'ಮ'. ಆಮೇಲೆ 'ರ'. ನೋಡಿ ಬರೆಯಲು ಎಲ್ಲೂ ಒಂದು ಅಕ್ಷರ ಉಳಿದಿರಲಿಲ್ಲ. ದೀಪಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ನಾನು ಯಾವಾಗ ಗೋಡೆ ಹತ್ತಿ ಆಚೆ ಇಳಿದೆನೋ ನನಗೇ ಗೊತ್ತಿಲ್ಲ.

ಪಾರಿಯ ಮೇಲೆ 'ಪ' ಬರೆದು ಮುಗಿಸಿದ ಕಸ್ತೂರಿ ಕಡ್ಡಿ ಹಿಡಿದು ಅಜ್ಜನನ್ನೇ ನೋಡುತ್ತ ನಿಂತಳು. ಅವಳ ತಲೆಯಲ್ಲಿ ಏನೋ ನಡೆದಿತ್ತು, ಅದಕ್ಕೆ ಹೊತ್ತು ಬೇಕಲ್ಲ.

"ಮುತ್ಯಾ, ನೀನೂ ಪಾರಿ ಅಕ್ಷರದಾಂವ" ಎಂದಳು. "ಪರಸಪ್ಪ. ಪ."

ಹೇಳಿದವಳೇ ಅವನ ಹೆಗಲ ಮೇಲಿನ ಕಂಬಳಿಯ ಮೇಲೆ 'ಪ' ಬರೆದಳು. ಮುಂದೆ ಮತ್ತೆ ಯೋಚಿಸಿ, ಬಾಯಲ್ಲಿ ಹೇಳುತ್ತ ರಾಣಿಯ 'ರ', ಸಾಂವಳಿಯ 'ಸ' ಬರೆದಳು. ಕುರಿಯನ್ನಲ್ಲ, ಅಕ್ಷರವನ್ನೇ ಹಿಡಿದಿದ್ದಳು ಹುಡುಗಿ. ದೀಪಾ ನಕ್ಕಳೋ, ಗೊಳೋ ಎಂದು ಅತ್ತಳೋ, ಎರಡೂ ಇತ್ತು ಅದರಲ್ಲಿ.

ಪರಸಪ್ಪ ಕುತ್ತಿಗೆ ಹೊರಳಿಸಿ ತನ್ನ ಹೆಗಲನ್ನೇ ನೋಡಿಕೊಂಡ. ಅವನು ಸಾಲೆ ಕಂಡವನಲ್ಲ, ತನ್ನ ಹೆಸರು ಹೀಗಿರುತ್ತದೆ ಎಂದು ಅವನಿಗೂ ಆಗಲೇ ತಿಳಿದದ್ದು.

"ಪರಸ ತನಕಾ ಬಂತು" ಎಂದ. ಕಂಬಳಿಯನ್ನು ಅವಳ ಕಡೆ ಸರಿಸಿದ. "ಕಡೀದು ಉಳೀತಲ್ಲವ್ವಾ. ಅದನ್ನೂ ಬರಿ."

ಕಸ್ತೂರಿ ದಡ್ಡಿಯ ಕುರಿಗಳನ್ನೆಲ್ಲ ಒಮ್ಮೆ ನೋಡಿ ಬಂದಳು. ಯಾವುದರ ಹತ್ತಿರವೂ 'ಪ್ಪ' ಎಂಬ ಆ ಒತ್ತಿನ ಅಕ್ಷರ ಇರಲಿಲ್ಲ. ಕಡ್ಡಿಯನ್ನು ಡಬ್ಬಿಯಲ್ಲಿಟ್ಟು ಕೈ ಒರೆಸಿಕೊಂಡಳು.

"ಅದು ಇಲ್ಲಿಲ್ಲ ಮುತ್ಯಾ. ಸಾಲ್ಯಾಗ ಇರತೈತಿ. ನಾಳಿ ಹೋಗೂನು."