ಮುಖಕ್ಕೆಂದು ಕೊಟ್ಟ ಮಾತ್ರೆ

ಔಷಧದ ಅಂಗಡಿಯವರು ಮಾತ್ರೆಯ ಹಾಳೆಯನ್ನು ಕತ್ತರಿಯಿಂದ ತುಂಡರಿಸಿ ಕೊಡುವುದನ್ನು ನೀವೂ ನೋಡಿರುತ್ತೀರಿ. ಐದು ಬೇಕೆಂದರೆ ಐದು, ಮೂರು ಬೇಕೆಂದರೆ ಮೂರು. ಡೊಂಬಿವಲಿಗೆ ಬಂದಾಗಿನಿಂದ ನಾನು ಅದನ್ನು ಒಂದು ಸೌಕರ್ಯವೆಂದೇ ತಿಳಿದಿದ್ದೆ. ಈಗ ಆ ಕತ್ತರಿಯ ಸದ್ದು ನನಗೆ ಸೇರುವುದಿಲ್ಲ. ಹಾಳೆಯ ಬೆನ್ನಿಗೆ ಅಚ್ಚಾದ ಎಚ್ಚರಿಕೆ ಎಷ್ಟೋ ಸಲ ಆ ಕತ್ತರಿಗೇ ಸಿಕ್ಕಿ ಹೋಗುತ್ತದೆ.

ನನ್ನ ಮಗಳು ಶ್ರುತಿಗೆ ಕಾಲೇಜಿನ ದಿನಗಳಲ್ಲಿ ಎದ್ದದ್ದು ಮೊಡವೆಗಳಲ್ಲ, ಕುರುಗಳು. ದಿಂಬಿಗೆ ಕೆನ್ನೆ ತಾಗಿದರೆ ನೋಯುತ್ತಿತ್ತು. ಬೇರೆ ಔಷಧಗಳೆಲ್ಲ ಸೋತ ಮೇಲೆ ಠಾಣೆ ನಗರದ ಚರ್ಮದ ಡಾಕ್ಟರು ಐಸೋಟ್ರೆಟಿನೊಯಿನ್ ಎಂಬ ಮಾತ್ರೆ ಬರೆದುಕೊಟ್ಟರು. ರಕ್ತ ಪರೀಕ್ಷೆ ಮಾಡಿಸಿದರು, ತಿಂಗಳಿಗೊಮ್ಮೆ ಬರಹೇಳಿದರು, ಇದನ್ನು ತೆಗೆದುಕೊಳ್ಳುವಾಗ ಗರ್ಭ ನಿಲ್ಲಲೇಬಾರದೆಂದರು. ಮದುವೆಯಾಗದ ಹುಡುಗಿಯ ಎದುರು ಇದೆಂಥ ಮಾತು ಎಂದು ನಾನು ಮುಖ ತಿರುಗಿಸಿದೆ. ತುಟಿ ಒಣಗಿ ಒಡೆಯಿತು, ಆದರೆ ಆರೇಳು ತಿಂಗಳಲ್ಲಿ ಅವಳ ಮುಖ ತಿಳಿಯಾಯಿತು. ಆ ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. ಬರೆಯಬೇಕಾದವರು ಬರೆದು, ನೋಡಬೇಕಾದವರು ನೋಡಿಕೊಂಡರೆ ಅದು ಒಳ್ಳೆಯ ಔಷಧವೇ.

ಕೆಲವು ವರ್ಷಗಳ ನಂತರ, ಸೊಸೆಯಾಗಿ ಬಂದ ವನಿತಾಳ ಮುಖದಲ್ಲೂ ಅಂಥವೇ ಎದ್ದಾಗ, ಡಬ್ಬಿಯಲ್ಲಿ ಉಳಿದಿದ್ದ ಖಾಲಿ ಹಾಳೆಯನ್ನು ನಾನು ಅಂಗಡಿಗೆ ಒಯ್ದೆ.

"ವಹೀ ಶ್ರುತಿವಾಲಾ ನಾ, ಆಂಟಿ?" ಶ್ರುತಿ ತಿನ್ನುತ್ತಿದ್ದದ್ದೇ ತಾನೇ ಎಂದು ಅಂಗಡಿಯವ ನಕ್ಕ. ಡಾಕ್ಟರ ಚೀಟಿ ಕೇಳಲಿಲ್ಲ, ಯಾರಿಗೆಂದೂ ಕೇಳಲಿಲ್ಲ.

"ಡಾಕ್ಟರನ್ನ ಒಂದ್ಸಲ ಕೇಳ್ಬಹುದಿತ್ತಲ್ಲ ಅತ್ತೆ" ಎಂದು ವನಿತಾ ಮೆಲ್ಲಗೆ ಹೇಳಿದಳು.

"ವಿಟಮಿನ್ ಜಾತಿಯದ್ದು ಮಾರಾಯ್ತಿ. ಶ್ರುತಿ ತಿನ್ಲಿಲ್ವಾ?" ಎಂದೆ. ಹೊಸ ಸೊಸೆ, ಎದುರಾಡಲಿಲ್ಲ.

ಎರಡು ತಿಂಗಳಲ್ಲಿ ಅವಳು ಬಸುರಿಯೆಂದು ತಿಳಿಯಿತು. ವಾಂತಿಯಾಗುತ್ತಿದ್ದುದರಿಂದ ಮಾತ್ರೆಯನ್ನು ತಾನೇ ಬಿಟ್ಟಿದ್ದಳು. ಯಾವುದಾದರೂ ಔಷಧ ನಡೆಯುತ್ತಿದೆಯೇ, ನಡೆದಿತ್ತೇ ಎಂದು ಹೆರಿಗೆ ಡಾಕ್ಟರು ಮರಾಠಿಯಲ್ಲಿ ಕೇಳಿದಾಗ, ಅವಳು ಬಾಯಿ ತೆರೆಯುವ ಮೊದಲೇ ನಾನು "ಕಾಹೀ ನಾಹೀ", ಏನೂ ಇಲ್ಲ, ಎಂದುಬಿಟ್ಟೆ. ಮುಖಕ್ಕೆಂದು ನುಂಗುವುದೂ ಔಷಧವೆಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಗ್ರಹಣ ಮಾತ್ರ. ಐದನೆಯ ತಿಂಗಳಿನಲ್ಲಿ ಸೂರ್ಯಗ್ರಹಣ ಬಂತು. ಅವಳನ್ನು ಕೋಣೆಯೊಳಗೆ ಕೂರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಚೂರಿ, ಸೂಜಿ ಏನೂ ಕೈಗೆ ಸಿಗದಂತೆ ಬಚ್ಚಿಟ್ಟೆ. ಲಕ್ಷಗಟ್ಟಲೆ ಮೈಲಿ ದೂರದ ಚಂದ್ರನ ನೆರಳು ಒಳಗೆ ಬಾರದಂತೆ ಕಾದ ಕೈಯೇ, ಅದಕ್ಕೆ ಮುಂಚೆ ದಿನವೂ ಊಟದ ಬಳಿಕ ನೀರಿನ ಲೋಟದ ಜೊತೆ ಆ ಮಾತ್ರೆಯನ್ನು ನೀಡಿತ್ತು.

ಹೆಸರಿಡುವ ದಿನದವರೆಗೂ ಮಗು ಉಳಿಯಲಿಲ್ಲ. ಅದಕ್ಕೆ ಒಂದು ಕಿವಿ ಇರಲಿಲ್ಲ, ಹೃದಯ ಸರಿಯಾಗಿ ಬೆಳೆದಿರಲಿಲ್ಲ. ಮಕ್ಕಳ ಡಾಕ್ಟರು ಮತ್ತೆ ಕೇಳಿದಾಗ ವನಿತಾಳೇ ಮಾತ್ರೆಯ ಹೆಸರು ಹೇಳಿದಳು. ಅವರು, ಒಂದೇ ಮಗುವಿನ ವಿಷಯದಲ್ಲಿ ಆಣೆಯಿಟ್ಟು ಹೇಳಲಾಗದು, ಆದರೆ ಆ ಎಚ್ಚರಿಕೆಯನ್ನು ಅಚ್ಚು ಹಾಕುವುದು ಇದೇ ಕಾರಣಕ್ಕೆ ಎಂದರು.

ಗೆಳೆಯರೇ, ಡಾಕ್ಟರ ಬಾಯಿಂದಲೇ ಇಷ್ಟು ಕೇಳಿಕೊಂಡು ಬಂದವಳು ನಾನು. ಆದರೂ ದುಃಖ ಕೇಳಲು ಬಂದವರು "ಗ್ರಹಣದ ದಿನ ಹೊರಗೆ ಬಂದಿದ್ಲಾ ಹೇಗೆ?" ಎಂದು ಪಿಸುಗುಟ್ಟುತ್ತಿದ್ದಾಗ, ಒಂದು ವರ್ಷ, ನಾನು ಬಾಯಿ ಬಿಡಲಿಲ್ಲ. ಚೀಟಿ ಕೇಳದ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ಆ ಸಿಟ್ಟಿಗೆ ನ್ಯಾಯವಿದೆ. ಆದರೆ ಅದರ ಹಿಂದೆ ಅಡಗಿ ಕೂರುವುದು ನನಗೆ ಬಹಳ ಅನುಕೂಲವಾಗಿತ್ತು.

ಕಳೆದ ತಿಂಗಳು ಘಣಸೋಲಿಯಿಂದ ನನ್ನ ಓರಗಿತ್ತಿ ಬಂದಿದ್ದಳು. ಅವಳ ಮಗಳಿಗೆ ಮದುವೆ ಗೊತ್ತಾಗಿದೆ. "ಶ್ರುತಿಯ ಮುಖ ಕನ್ನಡಿ ಹಾಗೆ ಆಗಿತ್ತಲ್ಲ ಅಕ್ಕ, ಆ ಮಾತ್ರೆ ಹೆಸರು ಬರೆದು ಕೊಡಿ. ಫೋಟೋದಲ್ಲಿ ಹುಡುಗಿ ಚಂದ ಕಾಣ್ಬೇಕು" ಎಂದಳು. ವನಿತಾ ಅಲ್ಲೇ ಕಾಫಿ ಕೊಡುತ್ತಿದ್ದಳು.

"ಬರೆದು ಕೊಡುವುದಿಲ್ಲ" ಎಂದೆ. "ಹುಡುಗಿಯನ್ನ ಚರ್ಮದ ಡಾಕ್ಟರ ಹತ್ರ ಕರ್ಕೊಂಡು ಹೋಗು. ಮದುವೆ ಯಾವಾಗ ಅಂತಲೂ ಅವರಿಗೆ ಹೇಳು. ವನಿತಾಳಿಗೆ ಆ ಮಾತ್ರೆ ತಿನ್ನಿಸಿದವಳು ನಾನು. ಡಾಕ್ಟರು ಕೇಳಿದಾಗ ಏನೂ ಇಲ್ಲ ಅಂದವಳೂ ನಾನೇ."

ವನಿತಾ ನನ್ನ ಕಡೆ ನೋಡಲಿಲ್ಲ. ತಟ್ಟೆಯನ್ನು ಕೆಳಗಿಟ್ಟು, ಓರಗಿತ್ತಿಯ ಎದುರು ನಿಂತು, ವರ್ಷವಿಡೀ ಯಾರೂ ತನ್ನಿಂದ ಕೇಳದ ಉತ್ತರವನ್ನು ಹೇಳಿದಳು:

"ಗ್ರಹಣದ ದಿನ ನಾನು ಬಾಗಿಲು ಸಹ ತೆಗೆದಿರಲಿಲ್ಲ, ಚಿಕ್ಕತ್ತೆ."